ಸುಮ್ಮನೂಟ

ನಮ್ಮೂರಲ್ಲಿ ಬೆಳಗ್ಗೆ ಎದುರಾದವರನ್ನು ಚಹಾ ಆಯಿತೇ ಎಂದು ಯಾರೂ ಕೇಳುವುದಿಲ್ಲ. "ಕಲ್ಲು ಆಡ್ತೇನ್ರಿ?" ಎಂದು ಕೇಳುತ್ತಾರೆ. ಆಡಿದ್ದರೆ "ಆಡ್ತ್ರಿ, ಚಲೋ ಹಿಟ್ಟು ಬಂತು" ಎಂದು ಎದೆಯುಬ್ಬಿಸಿ ಹೇಳಬೇಕು. ಆಡದಿದ್ದರೆ ಕೆಮ್ಮಿ ಮಾತು ಬದಲಿಸಬೇಕು. ನಮ್ಮಲ್ಲಿ ಯಾರಾದರೂ ನಿದ್ದೆಯಲ್ಲಿ ಹಲ್ಲು ಕಡಿದರೆ ಅವರ ದಿಂಬಿನ ಪಕ್ಕದ ಬೀಸುಕಲ್ಲು ತಾನೇ ತಿರುಗುತ್ತದೆ. ಮಲಗುವ ಮುನ್ನ ಅದರ ಬಾಯಿಗೆ ಸುರಿದಿಟ್ಟ ಜೋಳ ಬೆಳಗಾಗುವುದರೊಳಗೆ ಹಿಟ್ಟಾಗಿರುತ್ತದೆ. ಹಾಗಾಗಿ ಊರಲ್ಲಿ ಹಿಟ್ಟಿನ ಗಿರಣಿ ಇಲ್ಲ. ಹೊರಗಿನವನೊಬ್ಬ ಬಂದು ಗಿರಣಿ ಹಾಕಿ, ನೊಣ ಹೊಡೆಯುತ್ತ ಕೂತು, ಮಳೆಗಾಲಕ್ಕೆ ಮುಂಚೆಯೇ ಬೆಲ್ಟು ಬಿಚ್ಚಿಕೊಂಡು ಹೋದ. ಪಾಪ, ಹೋಗುವ ದಿನ ನನ್ನಲ್ಲೇ ಊಟ ಮಾಡಿದ.

ನನ್ನ ಹೆಸರು ದಾನಮ್ಮ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಖಾನಾವಳಿ, ಅದಕ್ಕೆ ಅಂಟಿಕೊಂಡೇ ಮನೆ. ಗಂಡ ತೀರಿಕೊಂಡ ಮೇಲೆ ಹಚ್ಚಿದ ಒಲೆ ಇವತ್ತಿಗೂ ಆರಿಲ್ಲ. ಬೋರ್ಡಿನ ಮೇಲೆ ತಿಂಡಿಗಳ ಹೆಸರು ಬರೆಸಿಲ್ಲ, ಯಾಕೆಂದರೆ ನನ್ನಲ್ಲಿರುವುದು ಎರಡೇ ಊಟ. ಒಂದು ತಿರುಗೂಟ, ಇನ್ನೊಂದು ಸುಮ್ಮನೂಟ. ತಿರುಗೂಟ ಎಂದರೆ ಕೆಂಪು ಖಾರದ ಚಟ್ನಿ, ಬದನೆಕಾಯಿ ಎಣ್ಣೆಗಾಯಿ, ಮಿರ್ಚಿ ಭಜಿ, ಬೆಲ್ಲ ಸುರಿದ ಮಾದಲಿ, ಕೊನೆಗೊಂದು ಕಡಕ್ ಚಹಾ. ಅದನ್ನು ಹೊತ್ತು ಮುಳುಗಿದ ಮೇಲೆ, ತಡ ಮಾಡಿ, ಹೊಟ್ಟೆ ಬಿರಿಯುವಂತೆ ಉಣ್ಣಬೇಕು. ಉಂಡವನ ಹಲ್ಲು ಬೆಳತನಕ ಸುಮ್ಮನಿರುವುದಿಲ್ಲ. ಸುಮ್ಮನೂಟ ಎಂದರೆ ಜೋಳದ ನುಚ್ಚು, ಮಜ್ಜಿಗೆ, ಸೊಪ್ಪಿನ ಪಲ್ಯ, ಒಂದು ಬಾಳೆಹಣ್ಣು. ಅದನ್ನು ಇನ್ನೂ ಬೆಳಕಿರುವಾಗಲೇ ಉಂಡು ಏಳಬೇಕು. ಉಂಡವನ ಕಲ್ಲು ಮಿಸುಕುವುದಿಲ್ಲ.

ಜನ ಬರುವುದೂ ಹಾಗೆಯೇ. "ದಾನಕ್ಕ, ನಾಳಿ ಬೀಗರು ಬರ್ತಾರ, ಹಿಟ್ಟು ಸಾಲಂಗಿಲ್ಲ" ಎಂದು ಒಬ್ಬ ಬಂದರೆ ಅವನ ತಾಟಿಗೆ ಎರಡು ಭಜಿ ಹೆಚ್ಚು ಹಾಕುತ್ತೇನೆ. ಹಸುಗೂಸಿನ ತಾಯಿ ಗಂಡನನ್ನು ರೆಟ್ಟೆ ಹಿಡಿದು ಕರೆತಂದು, "ಇವರಿಗೆ ಸುಮ್ಮನೂಟ ಹಾಕ್ರಿ, ಇವರ ಕಲ್ಲಿನ ಸಪ್ಪಳಕ್ಕ ಕೂಸು ಬೆಚ್ಚಿ ಬೀಳ್ತೈತಿ" ಎಂದರೆ ನುಚ್ಚಿನ ಗಡಿಗೆಗೆ ಕೈ ಹಾಕುತ್ತೇನೆ. ಹೊಟ್ಟೆಯಲ್ಲಿ ಹುಳವಾದ ಮಕ್ಕಳು ಹಲ್ಲು ಕಡಿದರೆ ಮುಷ್ಟಿ ಹಿಟ್ಟು ಬರುತ್ತದೆ. ತಾಯಂದಿರು ಅದರಲ್ಲಿ ಅಂಗೈಯಗಲದ ರೊಟ್ಟಿ ಬಡಿದು ಮಗುವಿಗೇ ತಿನ್ನಿಸಿ, ಆಮೇಲೆ ಮೂಗು ಹಿಡಿದು ಕಹಿ ಔಷಧಿ ಕುಡಿಸುತ್ತಾರೆ.

ಇನ್ನೆರಡು ಸಂಗತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಉಂಡದ್ದರ ರುಚಿ ಹಿಟ್ಟಿಗೆ ಇಳಿಯುತ್ತದೆ. ಮೆಂತ್ಯೆ ಉಂಡವನ ಹಿಟ್ಟು ಕಹಿ, ಹೋಳಿಗೆ ಉಂಡವನದು ಸಿಹಿ, ಕದ್ದು ಸೆರೆ ಕುಡಿದವನದಂತೂ ಹೆಂಡತಿಯ ಕೈಗೆ ಬೆಳಗ್ಗೆಯೇ ಸಿಕ್ಕಿಬೀಳುತ್ತದೆ. ಎರಡನೆಯದು, ಕಲ್ಲಿಗೆ ಇದು ಯಾರ ಬಾಯಿ ಎಂಬುದು ಗೊತ್ತಿಲ್ಲ. ಯಾವ ಹಲ್ಲು ಹತ್ತಿರದಲ್ಲಿ ಕಡಿಯುತ್ತದೋ ಅದಕ್ಕೆ ತಿರುಗುತ್ತದೆ, ಅಷ್ಟೆ. ಅದಕ್ಕೇ ಎಲ್ಲರೂ ತಮ್ಮ ತಮ್ಮ ಕಲ್ಲನ್ನು ತಮ್ಮ ತಲೆಯ ಪಕ್ಕದಲ್ಲೇ ಇಟ್ಟುಕೊಂಡು ಮಲಗುವುದು.

ನನ್ನ ಕಲ್ಲು ಮಾತ್ರ ತಲೆಯ ಪಕ್ಕದಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಮಜ್ಜಿಗೆ ಗಡಿಗೆಯ ಕೆಳಗಿತ್ತು. ಗಡಿಗೆ ಅಲುಗಾಡದಿರಲಿ ಎಂದು ಎಂದೋ ಇಟ್ಟದ್ದು, ಅಲ್ಲೇ ಉಳಿಯಿತು. ಊರಿಗೆಲ್ಲ ಹಲ್ಲು ಕಡಿಸುವ ನಾನು ಒಂದು ರಾತ್ರಿಯೂ ಹಲ್ಲು ಕಡಿದವಳಲ್ಲ. ಗಿರಾಕಿಗಳು ಬರುವ ಮುಂಚೆ ಒಂದು ಬಟ್ಟಲು ನುಚ್ಚು ಮಜ್ಜಿಗೆ ಕುಡಿದರೆ ಮುಗಿಯಿತು, ಆಮೇಲೆ ನೀರು ಬಿಟ್ಟು ಏನನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಉಪ್ಪು ನೋಡುವುದೂ ಮೂಗಿನಿಂದಲೇ. ಪಕ್ಕದ ಮನೆಯ ಚಂಪವ್ವ ಇದ್ದಾಳಲ್ಲ, ನನ್ನ ಜೀವದ ಗೆಳತಿ, ಅಷ್ಟೇ ಜೀವ ತಿನ್ನುವವಳು, ಅವಳು ಬಂದಾಗಲೆಲ್ಲ ಆ ಗಡಿಗೆಯ ಕೆಳಗೆ ಬಗ್ಗಿ ನೋಡುತ್ತಿದ್ದಳು. "ಏನಬೇ ದಾನಿ, ನಿನ್ನ ಕಲ್ಲಿಗೆ ಪಾಚಿ ಹಿಡದೈತಿ ನೋಡು. ಹೊಟ್ಟ್ಯಾಗ ಚಿಂತಿ ಇಲ್ಲದಾಕಿ ನೀ." ನಾನೂ ಬಿಡುತ್ತಿರಲಿಲ್ಲ. "ನನಗ್ಯಾತರ ಚಿಂತಿ? ನಾ ಮಲಗಿದ್ರ ಊರ ಮ್ಯಾಲ ಊರು ಬಿದ್ರೂ ಏಳಾಕಿ ಅಲ್ಲ" ಎನ್ನುತ್ತಿದ್ದೆ. ಆ ಜಂಬ ನನಗಿತ್ತು, ಸುಳ್ಳು ಯಾಕೆ ಹೇಳಲಿ.

ಆದರೆ ಚಿಂತೆ ಇತ್ತು. ಅದರ ಹೆಸರು ಕಲ್ಮೇಶ.

ಕಲ್ಮೇಶ ನನ್ನ ತಮ್ಮನ ಮಗ. ಅಪ್ಪ ಅವ್ವ ಇಬ್ಬರೂ ಹೋದಾಗ ಇನ್ನೂ ಅಂಬೆಗಾಲಿಡುತ್ತಿದ್ದ. ಕಂಕುಳಲ್ಲಿ ಎತ್ತಿಕೊಂಡು ಬಂದೆ, ಗಿರಾಕಿಗಳಿಂದ ಕೊಂಡಿಟ್ಟ ಹಿಟ್ಟಿನ ಡಬ್ಬಿಗಳ ನಡುವೆಯೇ ಬೆಳೆದ. ಬದನೆಕಾಯಿ ಒಂದು ಬಿಟ್ಟು ಏನು ಕೊಟ್ಟರೂ ಉಣ್ಣುವ ಹುಡುಗ. ಬದನೆಕಾಯಿ ತಿಂದರೆ ತುಟಿ ಊದಿಕೊಂಡು ಮುಖ ಗುರುತು ಸಿಗದಂತಾಗುತ್ತದೆ, ಚಿಕ್ಕಂದಿನಿಂದಲೂ ಹಾಗೆ. ದೊಡ್ಡವನಾಗಿ ಕಲ್ಲು ಕಟೆಯುವ ಕಸಬು ಕಲಿತ. ನಮ್ಮೂರಲ್ಲಿ ಅದಕ್ಕಿಂತ ಮರ್ಯಾದೆಯ ಕಸಬಿಲ್ಲ. ಬೀಸಿ ಬೀಸಿ ಕಲ್ಲಿನ ಮೈ ನುಣುಪಾದರೆ ಜೋಳ ಹಿಟ್ಟಾಗದೆ ನುಚ್ಚಾಗಿ ಉದುರುತ್ತದೆ. ಆಗ ಉಳಿ ಸುತ್ತಿಗೆ ಹಿಡಿದು ಅದರ ಮೈಗೆ ಮತ್ತೆ ಕಚ್ಚು ಮೂಡಿಸುವವನು ಬೇಕು. ಕಲ್ಮೇಶನ ಕೈ ಬಿದ್ದ ಕಲ್ಲು ಹೂವಿನಂಥ ಹಿಟ್ಟು ಕೊಡುತ್ತದೆ ಎಂದು ಓಣಿ ಓಣಿಯಲ್ಲೂ ಹೇಳುತ್ತಾರೆ. ಹೇಳಿ, ಹಿಂದೆಯೇ ನಗುತ್ತಾರೆ. ಹೆಸರಿಗೆ ಕಲ್ಮೇಶ, ಊರ ಕಲ್ಲನ್ನೆಲ್ಲ ತಿರುಗಿಸುವವನು, ಅವನ ಸ್ವಂತ ಕಲ್ಲು ಹುಟ್ಟಿದಾಗಿನಿಂದ ಒಂದು ಸುತ್ತೂ ತಿರುಗಿಲ್ಲ. ತಿರುಗೂಟವನ್ನು ಎರಡು ತಾಟು ಉಂಡರೂ ಕೂಸಿನ ಹಾಗೆ ಮಲಗುತ್ತಾನೆ. ಹಲ್ಲು ನೋಡಿದರೆ ನಿನ್ನೆ ಮೊನ್ನೆ ಬಂದವುಗಳಂತೆ ಬೆಳ್ಳಗೆ, ಸಾಲು ತಪ್ಪದೆ ಇವೆ.

ಬೇರೆ ಊರಾಗಿದ್ದರೆ ಅಂಥ ಹಲ್ಲಿಗೆ ಹೆಣ್ಣು ಕೊಡುತ್ತಿದ್ದರು. ನಮ್ಮೂರಲ್ಲಿ ಕಲ್ಲು ಆಡದ ಗಂಡಸು ಎಂದರೆ ಮನೆಯ ಬಗ್ಗೆ ಕಾಳಜಿ ಇಲ್ಲದವನು ಎಂದೇ ಅರ್ಥ. ಮದುವೆಗೆ ಮುಂಚೆ ಹಿಟ್ಟು ನೋಡುವ ಶಾಸ್ತ್ರವಿದೆ. ಹೆಣ್ಣಿನ ಕಡೆಯವರು ಸಂಜೆ ಗಂಡಿನ ಮನೆಗೆ ಬಂದು ಉಂಡು, ಪಕ್ಕದ ಮನೆಯಲ್ಲಿ ಮಲಗಿ, ಬೆಳಗ್ಗೆ ಬಂದು ಗಂಡಿನ ಕಲ್ಲಿನ ಹಿಟ್ಟು ನೋಡುತ್ತಾರೆ. ಹುಡುಗಿಯೇ ಚಿಟಿಕೆ ಬಾಯಿಗೆ ಹಾಕಿಕೊಂಡು ರುಚಿ ನೋಡಬೇಕು, ಬಾಳುವೆ ಪೂರ್ತಿ ಅದನ್ನು ತಿನ್ನುವವಳು ಅವಳೇ ತಾನೆ. ಒಪ್ಪಿಗೆಯಾದರೆ ಅದೇ ಹಿಟ್ಟಿನ ರೊಟ್ಟಿ ಮಾಡಿ ಎರಡೂ ಕಡೆಯವರು ಹರಿದು ತಿನ್ನುತ್ತಾರೆ. ಕಲ್ಮೇಶನಿಗೆ ಬಂದ ಎರಡು ಸಂಬಂಧದವರೂ ಬೆಳಗ್ಗೆ ಇಡಿಯಾಗಿ ಉಳಿದ ಜೋಳ ನೋಡಿ, ನನ್ನ ಮುಖ ನೋಡದೆ ಚಪ್ಪಲಿ ಮೆಟ್ಟಿದ್ದರು.

ಹಾಗಿರುವಾಗ ಮುರಿಗೆಪ್ಪನ ಮಗಳು ವಿಶಾಲಾಕ್ಷಿ, ಮದುವೆಯಾದರೆ ಕಲ್ಮೇಶನನ್ನೇ ಆಗುತ್ತೇನೆ ಎಂದಳಂತೆ. ನನಗೆ ನಂಬಿಕೆಯೇ ಬರಲಿಲ್ಲ. ಯಾಕೆಂದರೆ ಮುರಿಗೆಪ್ಪ ಎಂದರೆ ಊರಿಗೇ ದೊಡ್ಡ ಕಲ್ಲು. ಪೇಟೆಯಲ್ಲಿ ಹಗ್ಗದ ಅಂಗಡಿ ಇಟ್ಟಿರುವ ಬಡಕಲು ಮನುಷ್ಯ, ಆದರೆ ಅವನ ಕಲ್ಲು ತಿರುಗಿದರೆ ಎದುರು ಸಾಲಿನ ಮನೆಗಳ ತಾಟುಗಳು ನಡುಗುತ್ತವೆ. ಹೆಂಡತಿ ಸತ್ತಾಗ ಮಗಳು ಚಿಕ್ಕವಳು. ಅಂದಿನಿಂದ ತಪ್ಪದೆ ನನ್ನ ಖಾನಾವಳಿಗೆ ಬಂದು ಮೂಲೆಯ ಮಣೆಯ ಮೇಲೆ ಕೂತು ತಿರುಗೂಟ ಉಣ್ಣುತ್ತಾನೆ. ಭಜಿ ಕಚ್ಚಿದರೆ ಕಣ್ಣು ಮೂಗಿನಲ್ಲೆಲ್ಲ ನೀರು. ಒರೆಸಿಕೊಂಡು "ಇನ್ನೊಂದು ಹಾಕ್ರಿ ಅಕ್ಕಾರ" ಎನ್ನುತ್ತಾನೆ. ಖಾರದ ಮೇಲೆ ಎಷ್ಟು ಪ್ರೀತಿ ಈ ಮನುಷ್ಯನಿಗೆ ಎಂದುಕೊಂಡು ನಾನೂ ಹಾಕುತ್ತಿದ್ದೆ. ಹಲ್ಲು ಸವೆದು ಒಸಡಿನ ಮಟ್ಟಕ್ಕೆ ಬಂದಿವೆ, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಾನೆ. ಆದರೂ, "ನನ್ನ ಮಗಳು ಒಂದು ದಿನಾನೂ ಹಿಟ್ಟು ಕೊಂಡು ತಂದಿಲ್ಲ" ಎಂದು ಹೇಳುವಾಗ ಅವನ ಕತ್ತು ನೆಟ್ಟಗಾಗುತ್ತದೆ.

ಅವರ ಮನೆಯ ಕಲ್ಲು ಬೇಗ ನುಣುಪಾಗುವುದರಿಂದ ಕಲ್ಮೇಶ ಆಗಾಗ ಅಲ್ಲಿಗೆ ಹೋಗುತ್ತಿದ್ದ. ಬೇರೆಯವರ ಕಲ್ಲನ್ನು ಚಹಾ ಆರುವುದರೊಳಗೆ ಮುಗಿಸುವವನು ಅವರಲ್ಲಿ ಇಡೀ ಮಧ್ಯಾಹ್ನ ಕಳೆಯುತ್ತಿದ್ದ. ಒಂದು ದಿನ ಹಿಡಿದು ಕೇಳಿದೆ.

"ಏನೋ, ಅವರ ಮನಿ ಕಲ್ಲು ಗುಡ್ಡದಷ್ಟು ಐತೇನು?"

"ಹಂಗಲ್ಲ ಅತ್ತಿ. ಆಕಿ ಕಟ್ಟಿ ಮ್ಯಾಲ ಮಲಗಿರ್ತಾಳ. ಉಳಿ ಮೆಲ್ಲಕ ಹೊಡೀತೀನಿ, ಎಚ್ಚರಾದೀತಂತ."

"ಹಾಡಹಗಲ ಮಲಗ್ತಾಳಾ? ಎಂಥಾ ಸೋಂಬೇರಿನೋ ಆಕಿ!"

"ಸೋಂಬೇರಿ ಅಲ್ಲ ಅತ್ತಿ" ಎಂದ. ಅಷ್ಟು ಹೇಳಿ ಕಿವಿ ಕೆಂಪಗೆ ಮಾಡಿಕೊಂಡು ಹೊರಗೆ ಹೋದ. ಆಗಲೇ ನನಗೆ ತಿಳಿಯಿತು, ಹುಡುಗ ಬಿದ್ದಿದ್ದಾನೆ ಎಂದು. ನನಗೆ ಸಂತೋಷವೂ ಆಯಿತು, ಭಯವೂ ಆಯಿತು. ಈ ಸಂಬಂಧವೂ ತಪ್ಪಿದರೆ ಈ ಹುಡುಗ ಇನ್ನೊಂದು ಮನೆಯ ಕಡೆ ಕಣ್ಣೆತ್ತಿ ನೋಡುವವನಲ್ಲ. ಅದು ನನಗೆ ಖಾತ್ರಿಯಿತ್ತು.

ಮುರಿಗೆಪ್ಪ ಬಂದು ನೇರವಾಗಿಯೇ ಕೇಳಿದ. "ಹುಡುಗ ಬಂಗಾರದಂಥಾವ, ಅದರಾಗ ಎರಡು ಮಾತಿಲ್ಲ. ಆದ್ರ ಕಲ್ಲು ಅಕ್ಕಾರ? ನಾ ಕಣ್ಣು ಮುಚ್ಚಿದ ಮ್ಯಾಲ ನನ್ನ ಮಗಳು ಹಿಟ್ಟಿಗಂತ ಪರಾತ ಹಿಡಕೊಂಡು ಯಾರ ಬಾಗಲಿಗೆ ಹೋಗಬೇಕು?"

"ಅಣ್ಣಾರ, ಬರ್ರಿ, ಹಿಟ್ಟು ನೋಡ್ರಿ, ಆಮ್ಯಾಲ ಮಾತಾಡ್ರಿ" ಎಂದೆ. ನನ್ನ ಧೈರ್ಯ ನೋಡಿ ನನಗೇ ಆಶ್ಚರ್ಯವಾಯಿತು.

ಇಡೀ ಊರಿಗೆ ಹಲ್ಲು ಕಡಿಸುವ ನಾನು ನನ್ನ ಮನೆಯ ಒಂದು ಹುಡುಗನಿಗೆ ಕಡಿಸಲಾರೆನೇ? ಹಿಟ್ಟು ನೋಡುವ ದಿನ ಖಾನಾವಳಿಯ ಬಾಗಿಲು ಹಾಕಿ, ಒಲೆಯ ಮುಂದೆ ನಿಂತೆ. ಇದ್ದ ವಿದ್ಯೆಯನ್ನೆಲ್ಲ ಸುರಿದೆ. ಚಟ್ನಿಗೆ ಬ್ಯಾಡಗಿ ಮೆಣಸಿನಕಾಯಿಯ ಜೊತೆ ಗಿಡ್ಡ ಖಾರದ ಕಾಯಿ ಬೆರೆಸಿದೆ. ಮಾದಲಿಗೆ ಬೆಲ್ಲ ಎರಡು ಪಟ್ಟು. ಶೇಂಗಾ ಹೋಳಿಗೆ, ಮಿರ್ಚಿ ಭಜಿ, ಬೆಳ್ಳುಳ್ಳಿ ಒಗ್ಗರಣೆಯ ಜುಣಕ. ಬೀಗರಾಗುವವರಿಗೆ ಎಂದು ಎಣ್ಣೆಗಾಯಿ ಬೇರೆ. ಚಹಾ ಕುದಿಸಿ ಕುದಿಸಿ ಚಮಚ ನಿಲ್ಲುವಷ್ಟು ಗಟ್ಟಿ ಮಾಡಿದೆ. ಅವತ್ತು ನನಗೆ ನನ್ನ ಮೂಗಿನ ಮೇಲೆ ನಂಬಿಕೆ ಬರಲಿಲ್ಲ. ಒಂದು ಉಪ್ಪು ಹೆಚ್ಚಾದರೆ, ಒಂದು ಖಾರ ಕಡಿಮೆಯಾದರೆ ಹುಡುಗನ ಬಾಳು ಹೋಯಿತು ಎಂಬ ಭಯ. ಪ್ರತಿಯೊಂದನ್ನೂ ಚಮಚದಲ್ಲಿ ತೆಗೆದು ಬಾಯಿಗೆ ಹಾಕಿ ನೋಡಿದೆ, ಸರಿಮಾಡಿ ಮತ್ತೆ ನೋಡಿದೆ. ಎಣ್ಣೆಗಾಯಿಯಂತೂ ನನಗೇ ತಿಳಿಯದೆ ಎರಡು ಬದನೆಕಾಯಿ ಒಳಗೆ ಹೋದವು. ಚಹಾ ನೋಡುತ್ತ ನೋಡುತ್ತ ಲೋಟವೇ ಖಾಲಿಯಾಯಿತು.

ಕಲ್ಮೇಶನ ತಾಟಿನಲ್ಲಿ ಎಣ್ಣೆಗಾಯಿ ಬಿಟ್ಟು ಉಳಿದದ್ದನ್ನೆಲ್ಲ ಗುಡ್ಡ ಹಾಕಿದೆ. ಅವನು ಸುಮ್ಮನೆ ನನ್ನ ಮುಖ ನೋಡಿದ.

"ಬ್ಯಾಡ ಅತ್ತಿ. ನಾ ಹೆಂಗ ಅದೀನೋ ಹಂಗs ನೋಡ್ಲಿ."

"ಬಾಯಿ ಮುಚ್ಚಿ ಉಣ್ಣು. ಅಲ್ಲ, ಬಾಯಿ ತಗದು ಉಣ್ಣು. ಹಲ್ಲು ಇದ್ದೂ ಇಲ್ಲದಂಗ ಬದುಕಾಕ ಬರಂಗಿಲ್ಲ ಈ ಊರಾಗ."

ಉಂಡ ಪಾಪ, ನನಗೋಸ್ಕರ ಕೊನೆಯ ಭಜಿಯವರೆಗೂ ಉಂಡ. ವಿಶಾಲಿ ಎದುರಿಗೆ ಕೂತು ರೊಟ್ಟಿ ಮುರಿಯುತ್ತಿದ್ದಳು. ದೊಡ್ಡ ಕಣ್ಣುಗಳು, ಅವುಗಳ ಕೆಳಗೆ ಕಾಡಿಗೆ ಒರೆಸಿದಂಥ ಕಪ್ಪು. ಒಂದೆರಡು ಸಲ ಅವಳ ತಲೆ ತಾಟಿನ ಮೇಲೇ ತೂಗಿತು. ಖಾರದ ರಾಶಿಯನ್ನು ಕಲ್ಮೇಶ ಉಣ್ಣುವುದನ್ನು ನೋಡಿ ಅವಳ ಮುಖ ಬಾಡಿತು. ನಾನು ಅದನ್ನು ನಾಚಿಕೆ ಎಂದುಕೊಂಡೆ.

ಊಟವಾದ ಮೇಲೆ ಚಂಪವ್ವ ಶಾಸ್ತ್ರದ ಪ್ರಕಾರ ಕಲ್ಮೇಶನ ಕಲ್ಲನ್ನು ಒರೆಸಿ, ಎಲ್ಲರ ಮುಂದೆ ಜೋಳ ಸುರಿದಳು. ಅಪ್ಪ ಮಗಳಿಬ್ಬರನ್ನೂ ತನ್ನ ಮನೆಗೆ ಮಲಗಲು ಕರೆದುಕೊಂಡು ಹೋದಳು. ಗಂಡಿನ ಕಲ್ಲಿನ ಹತ್ತಿರ ಬೇರೆ ಹಲ್ಲು ಇರಬಾರದು ಎಂಬುದೇ ನಿಯಮ. ನನ್ನನ್ನು ಮಾತ್ರ ಹೊರಗೆ ಹೋಗು ಎಂದು ಯಾರೂ ಹೇಳಲಿಲ್ಲ. ನನ್ನ ಬಾಯಲ್ಲೂ ಹಲ್ಲಿವೆ ಎಂಬುದು ಊರಿಗೇ ಮರೆತುಹೋಗಿತ್ತು, ನನಗೂ ಮರೆತಿತ್ತು. ಕಲ್ಲು ತಿರುಗುವ ಸದ್ದು ಕೇಳಬೇಕೆಂದು ಕಲ್ಮೇಶನ ಕೋಣೆಗೆ ಅಂಟಿದ ಉಗ್ರಾಣದಲ್ಲಿ, ಹಲಗೆಯ ಗೋಡೆಗೆ ತಲೆಯಾನಿಸಿ ಮಲಗಿದೆ. ಕೇಳಿಸಿಕೊಂಡಿದ್ದೇನು ಬಂತು, ತಲೆಯಿಟ್ಟಿದ್ದಷ್ಟೇ ಗೊತ್ತು.

ಎಚ್ಚರವಾದಾಗ ದವಡೆ ನೋಯುತ್ತಿತ್ತು. ಚಾಪೆ ಸರಿಯಾಗಿರಲಿಲ್ಲ ಎಂದುಕೊಂಡು ಎದ್ದು ಕಲ್ಮೇಶನ ಕೋಣೆಗೆ ಓಡಿದೆ. ಶಿವಶಿವಾ! ಕಲ್ಲಿನ ಸುತ್ತ ಹಿಟ್ಟು ಸುರಿದು ನೆಲ ಕಾಣುತ್ತಿರಲಿಲ್ಲ. ಹಿಟ್ಟಿನ ಪಕ್ಕದಲ್ಲಿ ಕಲ್ಮೇಶ ಕೂತು, ಅದನ್ನೂ ತನ್ನ ದವಡೆಯನ್ನೂ ಒಂದಾದ ಮೇಲೊಂದು ಮುಟ್ಟಿ ನೋಡಿಕೊಳ್ಳುತ್ತಿದ್ದ. ನಾನು ಅವನನ್ನು ಅಪ್ಪಿಕೊಂಡು ಅತ್ತೇಬಿಟ್ಟೆ. ಚಂಪವ್ವ, ಮುರಿಗೆಪ್ಪ, ವಿಶಾಲಿ ಬಂದರು. ಚಂಪವ್ವನ ಕಣ್ಣು ಕೆಂಡವಾಗಿದ್ದವು. ಮುರಿಗೆಪ್ಪನ ಹಲ್ಲಿಗೆ ಅವಳ ಕಲ್ಲು ಬೆಳತನಕ ತಿರುಗಿ, ಅವಳು ರೆಪ್ಪೆ ಮುಚ್ಚಿರಲಿಲ್ಲ. ಮುರಿಗೆಪ್ಪ ಹಿಟ್ಟಿನ ರಾಶಿಯನ್ನು ನೋಡಿ, "ಎಲಾ ಇವನ! ನನ್ನ ಮೀರಿಸಿದೆಲ್ಲೋ ಅಳಿಯಾ" ಎಂದು ಕಲ್ಮೇಶನ ಬೆನ್ನು ಚಪ್ಪರಿಸಿದ. ಅಳಿಯ ಎಂಬ ಮಾತು ಕಿವಿಗೆ ಬಿದ್ದು ನನ್ನ ಕಾಲು ನೆಲದ ಮೇಲಿರಲಿಲ್ಲ.

ವಿಶಾಲಿ ಚಿಟಿಕೆ ಹಿಟ್ಟು ಬಾಯಿಗೆ ಹಾಕಿಕೊಂಡಳು. "ಚಲೋ ಐತಿ" ಎಂದಳು. ಕಲ್ಮೇಶನ ಕಡೆ ಒಂದು ಸಲ ನೋಡಿ, ನೀರು ಕುಡಿದು ಬರುತ್ತೇನೆ ಎಂದು ಅಡುಗೆಮನೆಗೆ ಹೋದಳು. ಒಪ್ಪಿಗೆಯ ರೊಟ್ಟಿಗೆ ಪರಾತದಲ್ಲಿ ಹಿಟ್ಟು ಬಾಚಿಕೊಂಡು ನಾನೂ ಹಿಂದೆಯೇ ಹೋದೆ. ಹೋಗಿ ನೋಡಿದರೆ ಮಜ್ಜಿಗೆ ಗಡಿಗೆಯ ಪಕ್ಕ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಾಳೆ.

"ಯಾಕ ತಂಗಿ? ಹಿಟ್ಟು ಸೇರಲಿಲ್ಲೇನು?"

"ಹಿಟ್ಟು ಚಲೋ ಐತ್ರಿ ಅಮ್ಮಾರ" ಎಂದು ಕಣ್ಣೊರೆಸಿಕೊಂಡಳು. ಬಿಡದೆ ಕೇಳಿದ್ದಕ್ಕೆ ಮೆಲ್ಲಗೆ ಹೇಳಿದಳು. "ಅವರ ಕಲ್ಲು ಆಡಂಗಿಲ್ಲ ಅಂತ ಪ್ಯಾಟ್ಯಾಗ ಎಲ್ಲಾರೂ ನಗ್ತಿದ್ರು. ನನಗ ಅದs ಕೇಳಿ ಮನಸಾತು. ಆ ಮನ್ಯಾಗ ನಿದ್ದಿ ಬರ್ತೈತಿ ಅಂದ್ಕೊಂಡೆ. ನಮ್ಮಪ್ಪನ ಕಲ್ಲಿನ ಸಪ್ಪಳದಾಗ ನಾ ಸಣ್ಣಾಕಿ ಇದ್ದಾಗಿಂದ ನೆಟ್ಟಗ ಮಲಗಿಲ್ಲರಿ. ಮಧ್ಯಾಹ್ನ ಇವರು ಉಳಿ ಮೆಲ್ಲಕ ಹೊಡಿಯೂ ಹೊತ್ತಿನ್ಯಾಗ ಅಷ್ಟs ಕಣ್ಣು ಹತ್ತೂದು. ಈಗ ನೋಡಿದ್ರ ಇವರದು ಅಪ್ಪಂದಕ್ಕಿಂತ ದೊಡ್ಡದು."

"ಹಂಗಂತ ಅಪ್ಪಗ ಹೇಳಬೇಕಿಲ್ಲೇನು?"

"ಹೆಂಗ ಹೇಳಲಿರಿ? ಅಪ್ಪಗ ನಿಮ್ಮ ಮಿರ್ಚಿ ಅಂದ್ರ ಜೀವ. ಇರೂದು ಅದೊಂದs ಸುಖ ಅವಗ."

ನನ್ನ ಕೈಯಲ್ಲಿದ್ದ ಪರಾತ ಭಾರವಾಯಿತು. ಒಂದು ರಾತ್ರಿಯ ಖಾರ ತಿನ್ನಿಸಿ ನಾನೇ ಮದುವೆ ಮುರಿದೆನಲ್ಲ ಎಂದು ಸಂಕಟವಾಯಿತು. ಅವಳೇ ಮಾತು ಬದಲಿಸಲು ಗಡಿಗೆಯ ಕೆಳಗೆ ಕೈ ತೋರಿಸಿ ಕೇಳಿದಳು.

"ಇದು ಯಾರ ಕಲ್ಲರಿ?"

"ನಂದು. ಆಡಂಗಿಲ್ಲ ಅದು."

"ಹಂಗಾರ ನಿಮ್ಮ ಹಾಸಿಗಿ ಹತ್ರ ಕಲ್ಲs ಇರಂಗಿಲ್ಲ?"

ಅವಳು ಸುಮ್ಮನೆ ಕೇಳಿದ್ದು. ನನಗೆ ಮಾತ್ರ ದವಡೆಯ ನೋವು ಮತ್ತೆ ನೆನಪಾಯಿತು. ಪರಾತದ ಹಿಟ್ಟನ್ನು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟೆ. ಸಂತೋಷದಲ್ಲಿ ಅಲ್ಲಿಯವರೆಗೆ ರುಚಿ ನೋಡಿಯೇ ಇರಲಿಲ್ಲ. ಬೆಲ್ಲ ಇತ್ತು, ಬೆಳ್ಳುಳ್ಳಿ ಇತ್ತು, ಖಾರ ಇತ್ತು, ಚಹಾದ ಒಗರು ಇತ್ತು. ಆಮೇಲೆ ಇವೆಲ್ಲದರ ಕೆಳಗಿನಿಂದ, ಗುರೆಳ್ಳು ಹುಣಸೆ ತುಂಬಿ ಎಣ್ಣೆಯಲ್ಲಿ ಬೆಂದ ಬದನೆಕಾಯಿ ಬಂತು.

ಬಾಯಿ ಮುಚ್ಚಿಕೊಂಡಿದ್ದರೆ ಮುರಿಗೆಪ್ಪನ ಪಾಲಿಗೆ ಕಲ್ಮೇಶ ಊರಿನ ದೊಡ್ಡ ಕಲ್ಲು, ನಾನು ಎಂದಿನ ದಾನಮ್ಮ. ಬಾಯಿ ಬಿಟ್ಟರೆ ಅಪ್ಪ ಒಲ್ಲೆ ಎನ್ನಬಹುದು, ಮಗಳು ಹೂಂ ಎನ್ನಬಹುದು. ಜೊತೆಗೆ ಚಂಪವ್ವನ ನಾಲಿಗೆಗೆ ನಾನು ಸಾಯುವ ತನಕ ಆಹಾರ. ವಿಶಾಲಿಯ ಕಣ್ಣಿನ ಕೆಳಗಿನ ಕಪ್ಪನ್ನು ಇನ್ನೊಂದು ಸಲ ನೋಡಿದೆ. ಒಂದು ಕೈಯಲ್ಲಿ ಪರಾತ, ಇನ್ನೊಂದರಲ್ಲಿ ಅವಳ ಕೈ ಹಿಡಿದುಕೊಂಡು ಹೊರಗೆ ಬಂದೆ.

"ಇದು ಕಲ್ಮೇಶನ ಹಿಟ್ಟಲ್ಲ" ಎಂದೆ. "ನಂದು."

ಚಂಪವ್ವ ಪರಾತಕ್ಕೆ ಬೆರಳು ಹಾಕಿ ನೆಕ್ಕಿದಳು. ಕಣ್ಣು ಮುಚ್ಚಿ ಬಾಯಲ್ಲಿ ತಿರುಗಿಸಿದಳು.

"ಎಣ್ಣೆಗಾಯಿ! ಈ ಹುಡುಗ ಬದನಿಕಾಯಿ ಮುಟ್ಟಿದ್ರ ತುಟಿ ಊದಿ ಇಷ್ಟಾಗ್ತಾವ. ನೋಡ್ರಿ ಅವನ ಮುಖ, ಹೆಂಗಿತ್ತೋ ಹಂಗs ಐತಿ." ಆಮೇಲೆ ನನ್ನ ಕಡೆ ತಿರುಗಿ ಸೊಂಟದ ಮೇಲೆ ಕೈಯಿಟ್ಟಳು. "ಯವ್ವಾ ದಾನಿ! ಚಿಂತಿ ಇಲ್ಲದಾಕಿ! ಊರ ಮ್ಯಾಲ ಊರು ಬೀಳಿಸಿಬಿಟ್ಟೆಲ್ಲಬೇ ಒಂದs ರಾತ್ರ್ಯಾಗ!" ಎಂದು ಬಿದ್ದು ಬಿದ್ದು ನಕ್ಕಳು. ನಾಚಿಕೆಯಿಂದ ನನ್ನ ಮುಖ ಉರಿಯಿತು, ಆದರೂ ನಗು ತಡೆಯಲಾಗಲಿಲ್ಲ.

ಮುರಿಗೆಪ್ಪ ನಗಲಿಲ್ಲ. "ಹಂಗಾರ ಹುಡುಗನ ಕಲ್ಲು ಆಡಿಲ್ಲ" ಎಂದು ಎದ್ದು ನಿಂತ. "ಅಕ್ಕಾರ, ತಪ್ಪು ತಿಳಕೋಬ್ಯಾಡ್ರಿ. ನಡಿ ವಿಶಾಲಿ."

ವಿಶಾಲಿ ಕದಲಲಿಲ್ಲ. ಅವಳ ಮುಖದಲ್ಲಿ ಎಂಥ ಬೆಳಕು ಬಂದಿತ್ತೆಂದರೆ, ಅದನ್ನು ನೋಡಿ ಕಲ್ಮೇಶನಿಗೂ ಉಸಿರು ಬಂತು.

"ನಾ ಬರಂಗಿಲ್ಲಪ್ಪ. ನನಗ ಆಡದ ಕಲ್ಲs ಬೇಕು."

"ಹುಚ್ಚೀ, ಹಿಟ್ಟಿಗೇನು ಮಾಡ್ತಿ?"

"ಕೊಂಡು ತರ್ತೀನಿ. ಇಲ್ಲಾ ಕೈಯಾಗ ಬೀಸ್ತೀನಿ. ನನಗ ಮಲಗಬೇಕಪ್ಪ." ಅಷ್ಟು ವರ್ಷ ಒಳಗೇ ಇಟ್ಟುಕೊಂಡ ಮಾತು, ಬಾಗಿಲು ತೆರೆದದ್ದೇ ಹೊರಗೆ ಬಂತು. "ನಿನ್ನ ಕಲ್ಲು ಚಾಲೂ ಆತಂದ್ರ ನಾ ಎದ್ದು ಕೂಡ್ತೀನಿ. ದಿನಾ. ಹೇಳಿದ್ರ ನೀ ಊಟಾ ಬಿಡ್ತಿ ಅಂತ ಹೇಳಲಿಲ್ಲ. ನಿನಗ ಖಾರ ಅಂದ್ರ ಜೀವ ಅಲ್ಲೇನು."

ಮುರಿಗೆಪ್ಪ ಬಾಯಿ ತೆರೆದವನು ಹಾಗೆಯೇ ನಿಂತ. ಸವೆದ ಹಲ್ಲುಗಳು ಕಾಣುತ್ತಿದ್ದವು. ಆಮೇಲೆ ಮೆಲ್ಲಗೆ ಗೋಡೆ ಹಿಡಿದು ಕೂತ.

"ನನಗೆಲ್ಲಿ ಖಾರ ಅಂದ್ರ ಜೀವ ಯವ್ವಾ" ಎಂದ. "ಭಜಿ ತಿಂದ್ರ ಎದಿ ಉರದು ಸಾಯ್ತೀನಿ. ನಿಮ್ಮವ್ವ ಹೋದ ಮ್ಯಾಲ ಮನ್ಯಾಗ ಬೀಸಾವರು ಯಾರಿದ್ರು? ನಿನ್ನ ಸಣ್ಣ ಕೈಯಾಗ ಕಲ್ಲು ತಿರುಗಸಬಾರದು ಅಂತ ತಿಂದೆ. ಹಿಟ್ಟಿಗಂತ ತಿಂದೆ."

ನನ್ನ ಕಣ್ಣಲ್ಲಿ ನೀರು ಬಂತು. ಕಣ್ಣು ಮೂಗು ಒರೆಸಿಕೊಳ್ಳುತ್ತ "ಇನ್ನೊಂದು ಹಾಕ್ರಿ" ಎಂದ ಮನುಷ್ಯನಿಗೆ ನಾನೇ ಎಷ್ಟು ಭಜಿ ಹಾಕಿದ್ದೆ! ಮಗಳು ನಿದ್ದೆ ಕೊಟ್ಟಿದ್ದಳು, ಅಪ್ಪ ಹಲ್ಲು ಕೊಟ್ಟಿದ್ದ. ಇಬ್ಬರೂ ಒಂದೇ ಸೂರಿನ ಕೆಳಗೆ ಇದ್ದುಕೊಂಡು ಒಂದು ಮಾತು ಆಡಿರಲಿಲ್ಲ. ವಿಶಾಲಿ ಹೋಗಿ ಅಪ್ಪನ ಪಕ್ಕ ಕೂತು ಅವನ ತೋಳಿಗೆ ಹಣೆ ಒತ್ತಿದಳು. ಕಲ್ಮೇಶ ಏನು ಮಾಡುವುದೆಂದು ತಿಳಿಯದೆ ಇಬ್ಬರಿಗೂ ನೀರು ತಂದುಕೊಟ್ಟ.

ಶಾಸ್ತ್ರ ಹೇಗೆ ಮುಗಿಸುವುದು ಎಂಬುದೇ ಆಮೇಲಿನ ಪ್ರಶ್ನೆಯಾಯಿತು. ಒಪ್ಪಿಗೆಯ ರೊಟ್ಟಿ ಗಂಡಿನ ಹಿಟ್ಟಿನದೇ ಆಗಬೇಕು, ಗಂಡಿಗೆ ಹಿಟ್ಟೇ ಇಲ್ಲ. ಚಂಪವ್ವ ಸ್ವಲ್ಪ ಯೋಚಿಸಿ, "ಅವನ್ನ ಸಾಕಿದಾಕಿ ನೀ. ನಿನ್ನ ಹಲ್ಲು ಅವನ ಹಲ್ಲs ಅಲ್ಲೇನು? ಬಡಿ ರೊಟ್ಟಿ" ಎಂದಳು. ಬಡಿದೆ. ಖಾರ, ಸಿಹಿ, ಒಗರು ಎಲ್ಲ ಒಟ್ಟಿಗಿದ್ದ ಆ ರೊಟ್ಟಿಯಂಥದ್ದನ್ನು ನಾನು ಮತ್ತೆ ತಿಂದಿಲ್ಲ. ಮುರಿಗೆಪ್ಪನ ತುಂಡನ್ನು ಮಗಳೇ ಮಜ್ಜಿಗೆಯಲ್ಲಿ ನೆನೆಸಿ ಕೊಟ್ಟಳು. ಕಲ್ಮೇಶ ತನ್ನ ತುಂಡನ್ನು ಹಿಡಿದು ನನ್ನ ಮುಖ ನೋಡಿದ. ರುಚಿಯಷ್ಟೇ ಕಣೋ, ಒಳಗೆ ಬದನೆಕಾಯಿ ಇಲ್ಲ ಎಂದೆ. ತಿಂದ. ತುಟಿಗೆ ಏನೂ ಆಗಲಿಲ್ಲ.

ಮಾಗಿ ಮುಗಿಯುವುದರೊಳಗೆ ಮದುವೆಯಾಯಿತು. ಮದುವೆಯ ಮರುದಿನ ಸಂಜೆ, ಇನ್ನೂ ಬೆಳಕಿರುವಾಗಲೇ ಮುರಿಗೆಪ್ಪ ಖಾನಾವಳಿಗೆ ಬಂದ. ಮೂಲೆಯ ಮಣೆಯ ಮೇಲೆ ಕೂತ. ರೂಢಿಯ ಮೇಲೆ ನನ್ನ ಕೈ ಭಜಿಯ ಬುಟ್ಟಿಗೆ ಹೋಯಿತು. "ಅದು ಬ್ಯಾಡ ಅಕ್ಕಾರ, ಸುಮ್ಮನೂಟ ಹಾಕ್ರಿ" ಎಂದ. ನುಚ್ಚು ಮಜ್ಜಿಗೆಯನ್ನು ಎರಡು ಸಲ ಹಾಕಿಸಿಕೊಂಡ. ಇಷ್ಟು ವರ್ಷದಲ್ಲಿ ಕಣ್ಣು ಒರೆಸಿಕೊಳ್ಳದೆ ಅವನು ಉಂಡದ್ದನ್ನು ಅವತ್ತೇ ನಾನು ನೋಡಿದ್ದು.

ನನ್ನ ಕಲ್ಲನ್ನು ಗಡಿಗೆಯ ಕೆಳಗಿನಿಂದ ತೆಗೆದಿದ್ದೇನೆ. ಕಲ್ಮೇಶ ಪಾಚಿ ಉಜ್ಜಿ, ಹೊಸ ಕಚ್ಚು ಹಾಕಿ ಕೊಟ್ಟ. ಈಗ ದಿಂಬಿನ ಪಕ್ಕದಲ್ಲಿದೆ. ಆಡುತ್ತದೆಯೇ ಎಂದು ಚಂಪವ್ವ ದಿನಾ ಕೇಳುತ್ತಾಳೆ. ನಾನು ಕೆಮ್ಮುತ್ತೇನೆ.

ಆದರೆ ಮುರಿಗೆಪ್ಪ ಸುಮ್ಮನೂಟ ಉಂಡ ಮರುದಿನದ ಬೆಳಗಿನದನ್ನು ಹೇಳಲೇಬೇಕು. ಬಿಸಿಲು ಓಣಿಗೆ ಇಳಿದು, ಚಹಾದ ಗಿರಾಕಿಗಳು ತುಂಬಿದ್ದರು. ವಿಶಾಲಿ ಇನ್ನೂ ಎದ್ದಿರಲಿಲ್ಲ. ಹೊಸ ಸೊಸೆ ಇಷ್ಟೊತ್ತಿನ ತನಕ ಮಲಗುವುದೇ ಎಂದು ಒಬ್ಬಿಬ್ಬರು ಹುಬ್ಬೇರಿಸಿದರು. ಅವರವರ ಬಾಯಿಗೆ ನಾನು ತಕ್ಕ ಉತ್ತರ ಕೊಡುವಷ್ಟರಲ್ಲಿ ಮುರಿಗೆಪ್ಪ ಒಳಗೆ ಬಂದ. ಕಂಕುಳಲ್ಲಿ ಪರಾತ, ಪರಾತದಲ್ಲಿ ಹಿಂದಿನ ರಾತ್ರಿಯ ಜೋಳ ಒಂದು ಕಾಳೂ ಒಡೆಯದೆ ಹಾಗೆಯೇ ಇತ್ತು. ಹಗ್ಗದ ವ್ಯಾಪಾರಿಯೊಬ್ಬ ಅವನನ್ನು ಕಂಡು, "ಏನ್ರಿ ಮುರಿಗೆಪ್ಪಣ್ಣ, ಕಲ್ಲು ಆಡ್ತೇನ್ರಿ?" ಎಂದು ಖಾನಾವಳಿಯೆಲ್ಲ ಕೇಳುವಂತೆ ಕೂಗಿದ.

ಮುರಿಗೆಪ್ಪ ಕೆಮ್ಮಲಿಲ್ಲ, ಮಾತು ಬದಲಿಸಲಿಲ್ಲ. ಒಳಗಿನ ಕೋಣೆಯ ಮುಚ್ಚಿದ ಬಾಗಿಲ ಕಡೆ ನೋಡಿ, ತುಟಿಯ ಮೇಲೆ ಬೆರಳಿಟ್ಟ.

"ಮೆಲ್ಲಕ ಮಾತಾಡ್ರೆಪ್ಪ" ಎಂದ. "ನನ್ನ ಮಗಳು ಮಲಗ್ಯಾಳ."